ದೇವರ ಕೆಲಸದ ಗುತ್ತಿಗೆ ಯಾರ ಕೈಯಲ್ಲಿ?

ಕನ್ನಡದ ತರುಣ ಮಿತ್ರರೇ,

2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ನಿಮ್ಮ ಕೂಗು ಕೇಳಿಸಿತು. ಅಂಗಡಿ ಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕು ಎಂದಿರಿ. ಇಂಗ್ಲಿಷ್ ಬೋರ್ಡುಗಳು ನೆಲ ಕಂಡವು. ಹೋರಾಟಗಾರರು ಜೈಲು ಕಂಡರು. ಮಲಗಿದ್ದ ಸರ್ಕಾರ ದಡಬಡಿಸಿ ಎದ್ದು ಕಾನೂನು ತಿದ್ದಿತು. ಶಹಬ್ಬಾಸ್! ಜಮಖಂಡಿಯಲ್ಲಿ ಕೂತು ಪತ್ರಿಕೆ ಓದಿದ ನಮ್ಮ ಎದೆಯೂ ಉಬ್ಬಿತು.

ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಅಂಗಡಿಕಾರನ ಹಣೆಬರಹ ಓದಿದ ನೀವು ನಿಮ್ಮದೇ ಸರ್ಕಾರದ ಹಣೆಬರಹವನ್ನು ಯಾವತ್ತಾದರೂ ಓದಿದ್ದೀರಾ? ವಿಧಾನಸೌಧದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಬರೆಸಿದ್ದಾರೆ. ಆ ಕನ್ನಡ ಗಟ್ಟಿಯಾಗಿಯೇ ಇದೆ, ಮಳೆಗೂ ಅಳಿಸಿಲ್ಲ, ಬಿಸಿಲಿಗೂ ಮಾಸಿಲ್ಲ. ಆದರೆ ಆ ದೇವರ ಕೆಲಸ ಇವತ್ತು ಕಲ್ಲಿನ ಕಟ್ಟಡದೊಳಗೆ ನಡೆಯುವುದಿಲ್ಲ, ಕಂಪ್ಯೂಟರ್ ಪರದೆಯ ಮೇಲೆ ನಡೆಯುತ್ತದೆ. ಉತಾರ ಪರದೆಯ ಮೇಲೆ, ರೇಷನ್ ಪರದೆಯ ಮೇಲೆ, ಮುದುಕಿಯ ಪಿಂಚಣಿ ಪರದೆಯ ಮೇಲೆ. ಆ ಪರದೆಯನ್ನು ಕಟ್ಟುವ ಗುತ್ತಿಗೆ ಯಾರ ಕೈಯಲ್ಲಿದೆ? ಅವನು ಎಲ್ಲಿ ಕೂತಿದ್ದಾನೆ? ಎಲ್ಲಿಯಾದರೂ ಕೂತಿರಲಿ, ಅವನಿಗೆ ಅ ಆ ಇ ಈ ಬರುತ್ತದೆಯೇ? ಬೋರ್ಡು ಓದಿದ ಕಣ್ಣಿನಿಂದ ಒಮ್ಮೆಯಾದರೂ ಟೆಂಡರ್ ಓದಿದ್ದೀರಾ?

ಗಡಿ ದಾಟದ ಲ್ಯಾಪ್‌ಟಾಪ್

ನಮ್ಮ ಜಮಖಂಡಿಯ ಹುಡುಗನೊಬ್ಬ ಅಮೆರಿಕದಲ್ಲಿದ್ದಾನೆ. ಅಲ್ಲಿಯ ಒಂದು ರಾಜ್ಯ ಸರ್ಕಾರದ ಇಲಾಖೆಗೆ ಸಾಫ್ಟ್‌ವೇರ್ ಬರೆಯುತ್ತಾನೆ. ನೌಕರನಲ್ಲ, ಗುತ್ತಿಗೆಯವ. ಸರ್ಕಾರ ಒಂದು ದೊಡ್ಡ ಕಂಪನಿಗೆ ಕೊಟ್ಟಿದೆ, ಅದು ಇನ್ನೊಂದಕ್ಕೆ ಕೊಟ್ಟಿದೆ, ಅದರ ಕೆಳಗಿನ ಮೂರನೆಯದು ಇವನನ್ನು ಇಟ್ಟುಕೊಂಡಿದೆ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಮುಕಾದಮ ಇರುವ ಹಾಗೆ ಅಲ್ಲಿಯೂ ಮುಕಾದಮನ ಕೆಳಗೆ ಮುಕಾದಮ! ತಂಗಿಯ ಮದುವೆಗೆ ಊರಿಗೆ ಬಂದಿದ್ದ. ಲಗ್ನಪತ್ರಿಕೆ ನಮ್ಮ ಪ್ರೆಸ್ಸಿನಲ್ಲೇ ಆಗಿತ್ತು. ಬಾಕಿ ಕೊಡಲು ಬಂದಾಗ ಮಾತಿಗೆ ಮಾತು ಬಂತು.

"ರಜಾ ಎಷ್ಟ ದಿನಾ ತಮ್ಮಾ?"

"ಎರಡ ವಾರ ಕಾಕಾ."

"ಇನ್ನೊಂದ ತಿಂಗಳ ಇರಲ್ಲ. ಈಗ ಎಲ್ಲಾರೂ ಮನ್ಯಾಗ ಕುಂತ ಕೆಲಸಾ ಮಾಡ್ತಾರ. ಇಲ್ಲೇ ಅವ್ವನ ಕೈಯಾಗಿನ ರೊಟ್ಟಿ ತಿಂದ್ಕೋತ ಮಾಡು."

"ನಂದು ಹಂಗ ಆಗಂಗಿಲ್ಲ ಕಾಕಾ. ಅದು ಸರ್ಕಾರಿ ಕೆಲಸ. ಲ್ಯಾಪ್‌ಟಾಪ್ ದೇಶದ ಗಡಿ ದಾಟಿದ್ರ ಚಾಲೂನ ಆಗಂಗಿಲ್ಲ. ಅಲ್ಲೇ ಕಪಾಟನ್ಯಾಗ ಇಟ್ಟ ಬಂದೇನಿ."

ಕೇಳಿದಿರಾ? ಹುಡುಗ ಒಳ್ಳೆಯವ, ಕೆಲಸ ಬಲ್ಲವ, ಅವರೇ ನಂಬಿ ಇಟ್ಟುಕೊಂಡವ. ಆದರೂ ಅವರ ಸರ್ಕಾರದ ಕಾಗದವನ್ನು ಜಮಖಂಡಿಯಲ್ಲಿ ಕೂತು ತೆರೆಯುವಂತಿಲ್ಲ. ಇದು ಯಾರೋ ಮ್ಯಾನೇಜರನ ಹುಚ್ಚಾಟವಲ್ಲ. ಅಲ್ಲಿಯ ಕೇಂದ್ರ ತೆರಿಗೆ ಇಲಾಖೆ 'ಪ್ರಕಟಣೆ 1075' ಎಂಬ ನಿಯಮಪುಸ್ತಕವನ್ನೇ ಇಟ್ಟಿದೆ. ತನ್ನ ತೆರಿಗೆದಾರರ ವಿವರವನ್ನು ರಾಜ್ಯ ಸರ್ಕಾರಗಳಾಗಲಿ, ಅವುಗಳ ಗುತ್ತಿಗೆದಾರರಾಗಲಿ ದೇಶದ ಹೊರಗಿನಿಂದ ಮುಟ್ಟಕೂಡದು, ನೋಡಲೂ ಕೂಡದು ಎಂದು ಅದರಲ್ಲಿದೆ. ಅಲ್ಲಿನ ರಾಜ್ಯ ಸರ್ಕಾರಗಳ ಗುತ್ತಿಗೆ ಕೆಲಸದ ಜಾಹೀರಾತು ನೋಡಿ. 'ಲೋಕಲ್ಸ್ ಓನ್ಲಿ' ಎಂಬ ಸಾಲು ಎಷ್ಟೋ ಕಡೆ ಇರುತ್ತದೆ. ಸ್ಥಳೀಯರಿಗೆ ಮಾತ್ರ! ಈ ಮಾತನ್ನು ನಾವು ಕನ್ನಡದಲ್ಲಿ ಹೇಳಿದರೆ ಸಂಕುಚಿತರು. ಅವರು ಇಂಗ್ಲಿಷಿನಲ್ಲಿ ಹೇಳಿದರೆ ಅದು ನಿಯಮ!

ಅವರು ಕೂಗಿದ್ದು ಬರೀ ಕೂಗಲ್ಲ

ಇಂಡಿಯಾನಾ ಎಂಬ ರಾಜ್ಯವಿದೆ. 2003ರಲ್ಲಿ ಅಲ್ಲಿನ ಸರ್ಕಾರ ನಿರುದ್ಯೋಗಿಗಳಿಗೆ ಭತ್ಯೆ ಕೊಡುವ ಕಂಪ್ಯೂಟರ್ ವ್ಯವಸ್ಥೆಯನ್ನು ಸರಿಪಡಿಸಲು ನಮ್ಮ ಟಾಟಾದವರ ಅಮೆರಿಕದ ಅಂಗಸಂಸ್ಥೆಗೆ ಗುತ್ತಿಗೆ ಕೊಟ್ಟಿತು. 1 ಕೋಟಿ 52 ಲಕ್ಷ ಡಾಲರಿನ ಕೆಲಸ. ಟಾಟಾದವರ ದರವೇ ಕಡಿಮೆ ಇತ್ತು. ಆದರೂ ಜನ ಕೇಳಿದರು: ನಮ್ಮ ನಿರುದ್ಯೋಗಿಗಳ ಕೆಲಸವನ್ನೇ ಹೊರಗಿನವರಿಗೆ ಕೊಡುತ್ತೀರಾ? ಅದೇ ವರ್ಷ ನವೆಂಬರಿನಲ್ಲಿ ಗವರ್ನರ್ ಜೋ ಕರ್ನನ್ ಗುತ್ತಿಗೆಯನ್ನೇ ರದ್ದು ಮಾಡಿದರು.

ನ್ಯೂಜೆರ್ಸಿಯ ಕತೆ ಇನ್ನೂ ಚೆನ್ನಾಗಿದೆ. ಬಡವರಿಗೆ ಆಹಾರದ ನೆರವು ಕೊಡುವ ಯೋಜನೆಯ ಫೋನ್ ಸಹಾಯವಾಣಿಯನ್ನು ಗುತ್ತಿಗೆದಾರ ಕಂಪನಿ 2002ರಲ್ಲಿ ಮುಂಬಯಿಗೆ ಸಾಗಿಸಿತು. ಅಮೆರಿಕದ ಬಡ ಹೆಂಗಸು ನೆರವಿನ ಹಣಕ್ಕೆ ಫೋನ್ ಮಾಡಿದರೆ ಎತ್ತುವವರು ಮುಂಬಯಿಯವರು. ಅಲ್ಲಿನ ಸೆನೆಟರ್ ಶೆರ್ಲಿ ಟರ್ನರ್ ಎಂಬ ಹೆಣ್ಣುಮಗಳು ಸದನದಲ್ಲಿ ಮಸೂದೆ ತಂದು ಹಟ ಹಿಡಿದರು. 2003ರಲ್ಲಿ ಸರ್ಕಾರ ಹೆಚ್ಚು ಹಣ ತೆತ್ತು ಆ ಕೆಲಸವನ್ನು ತನ್ನದೇ ಕ್ಯಾಮ್ಡೆನ್ ಊರಿಗೆ ಮರಳಿ ತಂದಿತು. 2005ರಲ್ಲಿ ಸರ್ಕಾರದ ಗುತ್ತಿಗೆ ಸೇವೆ ದೇಶದೊಳಗೇ ನಡೆಯಬೇಕೆಂದು ಕಾನೂನೂ ಆಯಿತು. 2010ರಲ್ಲಿ ಒಹಾಯೊ ರಾಜ್ಯದ ಗವರ್ನರ್ ಟೆಡ್ ಸ್ಟ್ರಿಕ್‌ಲ್ಯಾಂಡ್ ಇಂಥದೇ ಆದೇಶ ಹೊರಡಿಸಿದರು.

ಇವರಲ್ಲಿ ಯಾರನ್ನಾದರೂ ಭಾಷಾಂಧರು ಎಂದು ನಮ್ಮ ಇಂಗ್ಲಿಷ್ ಪತ್ರಿಕೆಗಳು ಬರೆದವೇ? ಆ ರಾಜ್ಯಗಳಿಂದ ಕಂಪನಿಗಳು ಗಂಟುಮೂಟೆ ಕಟ್ಟಿದವೇ? ಇಲ್ಲ. ಸಾಲಿನಲ್ಲಿ ನಿಂತು ಅದೇ ಷರತ್ತಿಗೆ ರುಜು ಹಾಕಿ ಇವತ್ತಿಗೂ ಕೆಲಸ ಮಾಡುತ್ತಿವೆ.

ಈಗ ನಮ್ಮ ಅಂಗಳಕ್ಕೆ ಬನ್ನಿ. ಸರೋಜಿನಿ ಮಹಿಷಿಯವರು 1986ರಲ್ಲಿ 58 ಶಿಫಾರಸು ಬರೆದುಕೊಟ್ಟರು. ಅದರ ಹೆಸರಿನಲ್ಲಿ ಎಷ್ಟು ಬಂದ್ ಆದವು, ಎಷ್ಟು ಭಾಷಣ ಆದವು, ಲೆಕ್ಕವಿಟ್ಟವರಿಲ್ಲ. 2024ರ ಜುಲೈನಲ್ಲಿ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಉದ್ಯಮಗಳಲ್ಲಿ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಸ್ಥಳೀಯರಿಗೆ. ಸ್ಥಳೀಯ ಅಂದರೆ ಇಲ್ಲೇ ಹುಟ್ಟಿ, 15 ವರ್ಷ ಇಲ್ಲೇ ಬದುಕಿ, ಕನ್ನಡ ಓದು-ಬರಹ-ಮಾತು ಬಲ್ಲವ. ನಾಸ್ಕಾಂನವರು ಹುಬ್ಬು ಗಂಟಿಕ್ಕಿದರು. ಉದ್ಯಮಪತಿಗಳು ಟ್ವಿಟರಿನಲ್ಲಿ ಗುಡುಗಿದರು. ಜುಲೈ 17ಕ್ಕೆ ಮಸೂದೆ ತಡೆಹಿಡಿಯಲಾಯಿತು. ಹಸಿಗೂಸಿಗೆ ಹೆಸರಿಡುವ ಮೊದಲೇ ತೊಟ್ಟಿಲು ಬಿಚ್ಚಿದ ಹಾಗಾಯಿತು!

ಖಾಸಗಿ ಕಂಪನಿಯ ಮಾತು ಬಿಡಿ, ಅವರ ಹಣ, ಅವರ ಜಿದ್ದು. ನಾನು ಕೇಳುವುದು ಸರ್ಕಾರ ತನ್ನ ಸ್ವಂತ ಖಜಾನೆಯಿಂದ ಕೊಡುವ ಗುತ್ತಿಗೆಯ ಬಗ್ಗೆ. ಅಲ್ಲಿ ಷರತ್ತು ಹಾಕಲು ಯಾವ ನಾಸ್ಕಾಂ ಅಪ್ಪಣೆ ಬೇಕು? ಬಟ್ಟೆ ಹೊಲಿಸುವವನು ಅಳತೆ ಹೇಳುವುದಿಲ್ಲವೇ? ಇಂಡಿಯಾನಾದವರು, ನ್ಯೂಜೆರ್ಸಿಯವರು ಮಾಡಿದ್ದೂ ಇಷ್ಟೇ. ನಮ್ಮ ಹಣ, ನಮ್ಮ ಜನರ ಕೆಲಸ, ನಮ್ಮ ಷರತ್ತು.

ಷರತ್ತು ಹಾಕಲು ನಮ್ಮವರಿಗೆ ಬರುವುದಿಲ್ಲ ಅಂತಲೂ ಅಲ್ಲ. ಸರ್ಕಾರದ ದತ್ತಾಂಶ ಇಡುವ ಕ್ಲೌಡ್ ಕಂಪನಿಗಳು ಅದನ್ನು ಭಾರತದೊಳಗೇ ಇಡಬೇಕು ಎಂದು ಕೇಂದ್ರದ ಷರತ್ತಿದೆ. ಸರ್ಕಾರಿ ಖರೀದಿಯಲ್ಲಿ ದೇಶದೊಳಗಿನ ಪಾಲು ಅರ್ಧಕ್ಕಿಂತ ಕಡಿಮೆಯಾಗದ ಸರಬರಾಜುದಾರನಿಗೆ ಮೊದಲ ಮಣೆ ಎಂದು 2017ರ ಆದೇಶ ಆಮೇಲೆ ಬಿಗಿಯಾಗಿದೆ. 2020ರ ಜುಲೈನಲ್ಲಿ ನೆಲದ ಗಡಿ ಹಂಚಿಕೊಂಡ ದೇಶಗಳ ಕಂಪನಿಗಳು ನೋಂದಣಿ ಇಲ್ಲದೆ ಟೆಂಡರ್ ಹಾಕಕೂಡದು ಎಂದೂ ಆಯಿತು. ಯಂತ್ರಕ್ಕೆ ಕಾವಲು, ತಂತಿಗೆ ಕಾವಲು, ಗಡಿಗೆ ಕಾವಲು. ಆ ಯಂತ್ರ ಜನರ ಜೊತೆ ಆಡುವ ಭಾಷೆಗೆ ಮಾತ್ರ ಕಾವಲುಗಾರನಿಲ್ಲ!

ಬಾಳವ್ವ ಹೋಗಿ ಬಲವ್ವ ಆದಳು

ಕಾವಲು ಇಲ್ಲದಿದ್ದರೆ ಏನಾಗುತ್ತದೆ? ಕೆಪಿಎಸ್‌ಸಿಯನ್ನು ನೋಡಿ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿದರು. ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ, ಇದು ಯಂತ್ರಕ್ಕೆ ಹಾಕಿ ತೆಗೆದ ಕನ್ನಡ ಎಂದು ಅಭ್ಯರ್ಥಿಗಳು ರೊಚ್ಚಿಗೆದ್ದರು. ಮುಖ್ಯಮಂತ್ರಿಗಳೇ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಮತ್ತೆ ತಪ್ಪು! ಕರ್ನಾಟಕದ ತಹಶೀಲ್ದಾರರನ್ನು ಆರಿಸುವ ಪರೀಕ್ಷೆಯಲ್ಲಿ ಕನ್ನಡದ ಹುಡುಗ ಇಂಗ್ಲಿಷ್ ಪ್ರಶ್ನೆ ಓದಿ ಕನ್ನಡ ಪ್ರಶ್ನೆಯ ಅರ್ಥ ಹುಡುಕಬೇಕು. 1963ರಲ್ಲೇ ರಾಜ್ಯ ಭಾಷಾ ಅಧಿನಿಯಮ ಬಂದ ನಾಡು ಇದು!

ಆ ಗಲಾಟೆ ಬೆಂಗಳೂರಿನಲ್ಲಿ ಆಯಿತು, ಟಿವಿಯಲ್ಲಿ ಬಂತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ದಿನನಿತ್ಯ ಆಗುವುದು ಯಾವ ಟಿವಿಯಲ್ಲೂ ಬರುವುದಿಲ್ಲ. ಪ್ರೆಸ್ಸಿನ ಜೊತೆಗೆ ಜೆರಾಕ್ಸ್ ಇಟ್ಟವನ ಮುಂದೆ ಬಂದು ಬೀಳುವ ಕಾಗದ ನೋಡಿದರೆ ಗೊತ್ತಾಗುತ್ತದೆ. ಇಂಗ್ಲಿಷಿಗೆ ಳ ಇಲ್ಲ, ಣ ಇಲ್ಲ, ಬ ಯಾವುದು ಬಾ ಯಾವುದು ತಿಳಿಯುವುದಿಲ್ಲ. ಪರದೆ ಕಟ್ಟಿದವನು ಹೆಸರನ್ನು ಮೊದಲು ಇಂಗ್ಲಿಷಿನಲ್ಲಿ ಕೇಳುತ್ತಾನೆ. ಆಮೇಲೆ ಯಂತ್ರ ಅದನ್ನು ಕನ್ನಡಕ್ಕೆ ತಿರುಗಿಸುತ್ತದೆ. ಆಧಾರ್ ನೋಂದಣಿಯಲ್ಲೂ ಇದೇ ಪದ್ಧತಿ. ಕೂಡಿಸುವವನು ಕನ್ನಡ ಬಲ್ಲವನಾದರೆ ಕಣ್ಣಿಟ್ಟು ತಿದ್ದುತ್ತಾನೆ, ಇಲ್ಲವಾದರೆ ಬಂದದ್ದೇ ಪ್ರಸಾದ. ಬಾಳವ್ವ ಬಲವ್ವ ಆಗುತ್ತಾಳೆ. ಮಳೆಪ್ಪ ಮಲೆಪ್ಪ ಆಗುತ್ತಾನೆ. ಹಣಮಂತ ಒಂದು ಕಾಗದದಲ್ಲಿ ಹನಮಂತ, ಇನ್ನೊಂದರಲ್ಲಿ ಹನುಮಂತ. ಸಾವಳಗಿ ಸವಲಗಿ, ತೇರದಾಳ ತೆರ್ಡಲ್, ಹುಲ್ಯಾಳ ಹುಲ್ಯಲ್. ರನ್ನ ಹುಟ್ಟಿದ ಮುಧೋಳವನ್ನು ಮುಧೋಲ್ ಎಂದು ಬರೆದದ್ದನ್ನು ನೋಡಿದ್ದೇನೆ. ಸಾವಿರ ವರ್ಷದ ಹಿಂದೆ ಗದಾಯುದ್ಧ ಬರೆದವನ ಊರು!

ಅಕ್ಷರ ತಪ್ಪಿದರೆ ಏನು ಮಹಾ ಎನ್ನಬೇಡಿ. ಉತಾರದಲ್ಲಿ ಒಂದು ಹೆಸರು, ಆಧಾರಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಮೂರನೆಯದು ಆದರೆ ಯಂತ್ರಕ್ಕೆ ಅವರು ಮೂವರು ಬೇರೆ ಮನುಷ್ಯರು. ಗೃಹಲಕ್ಷ್ಮಿಯ 2,000 ರೂಪಾಯಿ ಹೆಸರು ತಾಳೆಯಾಗದೆ ನಿಲ್ಲುತ್ತದೆ. ಬೆಳೆ ಪರಿಹಾರ ನಿಲ್ಲುತ್ತದೆ. ಬೀಳಗಿ ಕಡೆ ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಕೊಟ್ಟು ಪುನರ್ವಸತಿ ಕೇಂದ್ರ ಸೇರಿದ ಕುಟುಂಬಗಳಿವೆ. ಅವರ ಹಳೆಯ ಊರು ನೀರಿನಡಿ ಇದೆ. ಊರಿತ್ತು, ಹೊಲವಿತ್ತು ಎಂಬುದಕ್ಕೆ ಉಳಿದದ್ದು ಕಾಗದ ಒಂದೇ. ಆ ಕಾಗದದಲ್ಲೂ ಅಪ್ಪನ ಹೆಸರು ತಪ್ಪಾದರೆ ಯಾವ ಪಂಚರನ್ನು ಕರೆದು ತೋರಿಸಬೇಕು? ಅಫಿಡವಿಟ್ಟಿಗೆ ದುಡ್ಡು, ನೋಟರಿಗೆ ದುಡ್ಡು, ಬಸ್ಸಿಗೆ ದುಡ್ಡು, ಒಂದು ದಿನದ ಕೂಲಿ ಹೋಯಿತು. ತಪ್ಪು ಮಾಡಿದವನು ಗುತ್ತಿಗೆದಾರ, ದಂಡ ಕಟ್ಟುವವಳು ಬಾಳವ್ವ!

ಬನಹಟ್ಟಿಯ ನೇಕಾರರೊಬ್ಬರು ಒಂದು ಯೋಜನೆಯ ಸಹಾಯವಾಣಿಗೆ ನನ್ನ ಅಂಗಡಿಯಿಂದಲೇ ಫೋನ್ ಮಾಡಿದ್ದರು. ಆ ಕಡೆಯವನು ಹಿಂದಿಯಲ್ಲಿ ಶುರು ಮಾಡಿದ. ಇವರು ಕನ್ನಡದಲ್ಲಿ ಹೇಳಿದರು. ಅವನು ಇಂಗ್ಲಿಷಿಗೆ ಹೋದ. ಇವರು ಮತ್ತೆ ಕನ್ನಡದಲ್ಲೇ ಹೇಳಿದರು. ಅವನು ಫೋನ್ ಇಟ್ಟ. "ಮಗ್ಗಕ್ಕ ಕನ್ನಡಾ ತಿಳೀತೈತಿ, ಈ ಮಗನಿಗೆ ತಿಳೀವಲ್ದು" ಎಂದು ನೇಕಾರರು ಎದ್ದು ಹೋದರು. ನ್ಯೂಜೆರ್ಸಿಯ ಬಡ ಹೆಂಗಸಿಗಾಗಿ ಒಂದು ಸರ್ಕಾರ ಸಹಾಯವಾಣಿಯನ್ನೇ ಸಮುದ್ರ ದಾಟಿಸಿ ತಂದಿತಲ್ಲ, ಬನಹಟ್ಟಿಯ ನೇಕಾರನಿಗಾಗಿ ಒಬ್ಬ ಕನ್ನಡದ ಹುಡುಗನನ್ನು ಕುರ್ಚಿಯ ಮೇಲೆ ಕೂರಿಸಲು ಆಗುವುದಿಲ್ಲವೇ?

ಇದು ನಮಗೆ ಹೊಸದಲ್ಲ

ದಕ್ಷಿಣದ ತರುಣರಿಗೆ ಬಹುಶಃ ಗೊತ್ತಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಜನ ಆಡುವುದು ಕನ್ನಡ, ದರ್ಬಾರು ನಡೆದದ್ದು ಮರಾಠಿಯಲ್ಲಿ. ಕಚೇರಿಯ ಹಳೆಯ ಕಾಗದ ಮೋಡಿ ಲಿಪಿಯಲ್ಲಿ. ರೈತ ತನ್ನ ಹೊಲದ ಕಾಗದವನ್ನು ತಾನೇ ಓದಲಾರ, ಓದಿ ಹೇಳುವವನ ಕೈಗೆ ಕಾಸು ಇಡಬೇಕು. 1948ರ ಮಾರ್ಚ್ 8ರಂದು ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ಕನ್ನಡ ನಾಡಿಗೆ ಬಂದೆವು. ಧಾರವಾಡ ಸೀಮೆಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆ ತೆರೆಸಲು ಹೆಣಗಿದ್ದು 1860ರ ಸುಮಾರಿಗೆ. ಅಷ್ಟು ಹಿಂದಿನಿಂದ ಇಟ್ಟಿಗೆ ಇಟ್ಟಿಗೆ ಜೋಡಿಸಿ ಗಳಿಸಿದ ಆಡಳಿತ ಕನ್ನಡ ಇದು. ಮೋಡಿ ಹೋಯಿತು ಎಂದು ನಿಟ್ಟುಸಿರು ಬಿಟ್ಟ ಅಜ್ಜನ ಮೊಮ್ಮಗ ಇವತ್ತು ಓಟಿಪಿ ಓದಿಸಿಕೊಳ್ಳಲು ಸೈಬರ್ ಸೆಂಟರಿನವನಿಗೆ 50 ರೂಪಾಯಿ ಕೊಡುತ್ತಿದ್ದಾನೆ. ಲಿಪಿ ಬದಲಾಯಿತು, ಕಾಸು ಕೊಡುವುದು ಬದಲಾಗಲಿಲ್ಲ.

ದೂರ ಕೂತವನೆಲ್ಲ ದ್ರೋಹಿಯಲ್ಲ

ಇಲ್ಲಿ ನಮ್ಮ ಕೆಲವು ಗೆಳೆಯರ ಜೊತೆ ನನಗೆ ಜಗಳವಿದೆ. ಅವರ ಪ್ರಕಾರ ಸರ್ಕಾರದ ಕೆಲಸ ಮಾಡುವವನು ಕರ್ನಾಟಕದ ನೆಲದ ಮೇಲೆಯೇ ಕೂತಿರಬೇಕು, ಹೊರಗೆ ಕೂತವನಿಗೆ ಕೊಡಲೇಬಾರದು. ಇದು ಒಹಾಯೊದವರಿಗೆ ಸರಿ, ಅವರದು ಉದ್ಯೋಗದ ಜಗಳ. ನಮ್ಮದು ಉದ್ಯೋಗದ ಜಗಳವೂ ಹೌದು, ಅದಕ್ಕಿಂತ ದೊಡ್ಡದಾಗಿ ಭಾಷೆಯ ಜಗಳ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಕೂತು ಕನ್ನಡದ ಒಂದಕ್ಷರ ಬಾರದೆ ನಮ್ಮ ಉತಾರದ ಪರದೆ ಕಟ್ಟುವವನಿಗಿಂತ ಟೊರಾಂಟೊದಲ್ಲಿ ಕೂತ ಮಹಾಲಿಂಗಪುರದ ಹುಡುಗ ನನಗೆ ಹತ್ತಿರದವನು. ಕಾಲು ಎಲ್ಲಿದೆ ಎಂಬುದಲ್ಲ, ನಾಲಗೆ ಎಲ್ಲಿದೆ ಎಂಬುದು ಪ್ರಶ್ನೆ.

ಅಚ್ಚಿನ ಕಸುಬಿನವನಾಗಿ ಹೇಳುತ್ತೇನೆ, ಕನ್ನಡದ ಅಕ್ಷರಕ್ಕೆ ದೂರದವರ ಋಣ ದೊಡ್ಡದು. 1843ರಲ್ಲಿ ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಮೋಗ್ಲಿಂಗ್ ಜರ್ಮನಿಯವರು. 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಕಿಟೆಲ್ ಜರ್ಮನಿಯವರು. ಅವರಿಗೆ ಸಂಬಳ ಕೊಟ್ಟದ್ದು ಬಾಸೆಲ್ ಮಿಶನ್, ಊರು ಸಾವಿರಾರು ಮೈಲಿ ಆಚೆ. ಆದರೆ ಕನ್ನಡ ಕಲಿಯದೆ ಒಂದು ಅಕ್ಷರಕ್ಕೂ ಕೈ ಹಾಕಲಿಲ್ಲ. ನಮ್ಮ ಕಾಲಕ್ಕೆ ಬಂದರೆ, 1998ರಲ್ಲಿ ಬರಹ ತಂತ್ರಾಂಶ ಕೊಟ್ಟ ಶೇಷಾದ್ರಿ ವಾಸು ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಅದು ಪುಕ್ಕಟೆ ಸಿಕ್ಕಿದ್ದರಿಂದ ಎಷ್ಟೋ ಸಣ್ಣ ಪ್ರೆಸ್ಸುಗಳು ಕಂಪ್ಯೂಟರಿನಲ್ಲಿ ಕನ್ನಡ ಕಂಡವು. ಕೆ.ಪಿ. ರಾವ್ ಅವರು ಕನ್ನಡದ ಕೀಲಿಮಣೆಗೆ ವಿನ್ಯಾಸ ಕೊಡದಿದ್ದರೆ ನಾವು ಇವತ್ತಿಗೂ ಯಾವ ಅಕ್ಷರ ಎಲ್ಲಿದೆ ಎಂದು ತಡಕಾಡುತ್ತಿದ್ದೆವು. ಇವರಿಗೆ ಯಾವ ಟೆಂಡರ್ ಇತ್ತು?

ಸರ್ಕಾರವೂ ಒಮ್ಮೆ ಸರಿಯಾಗಿ ಮಾಡಿ ತೋರಿಸಿದೆ. ಭೂಮಿ ಯೋಜನೆ. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ರೈತರ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸಿದರು. ಏರಿಸಿದ್ದು ಕನ್ನಡದಲ್ಲಿ. ತಾಳೆ ನೋಡಿದ್ದು ಆಯಾ ಊರಿನ ಗ್ರಾಮಲೆಕ್ಕಿಗರು, ಅಂದರೆ ಬಾಳವ್ವನನ್ನು ಮುಖ ಕಂಡು ಬಲ್ಲವರು. ತಪ್ಪೇ ಆಗಲಿಲ್ಲ ಎನ್ನುವುದಿಲ್ಲ, ತಿದ್ದುಪಡಿಗೆ ಅಲೆದವರು ನಮ್ಮಲ್ಲೂ ಇದ್ದಾರೆ. ಆದರೆ ಅಲ್ಲಿ ಮೂಲ ಕನ್ನಡ, ಇಂಗ್ಲಿಷ್ ಅದರ ನೆರಳು. ಆಮೇಲೆ ಬಂದ ಎಷ್ಟೋ ಪರದೆಗಳಲ್ಲಿ ಇದು ತಲೆಕೆಳಗಾಯಿತು.

ಯಾಕೆ ತಲೆಕೆಳಗಾಯಿತು? ಟೆಂಡರ್ ಓದಿದರೆ ತಿಳಿಯುತ್ತದೆ. ನಾನು ಪಿಯುಸಿ ಓದಿದವ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದುತ್ತೇನೆ. ಮೂರು ವರ್ಷದ ವಹಿವಾಟು ಇಷ್ಟು ಕೋಟಿ ಇರಬೇಕು. ಇಂಥ ಮಟ್ಟದ ಪ್ರಮಾಣಪತ್ರ ಇರಬೇಕು. ಇಷ್ಟು ಮಂದಿ ಇಂಜಿನಿಯರು ಇರಬೇಕು. ಇಎಂಡಿ ಇಷ್ಟು ಲಕ್ಷ. ಕನ್ನಡ? ಹುಡುಕಿದರೆ ಯಾವುದೋ ಪುಟದಲ್ಲಿ, ಪರದೆ ಎರಡೂ ಭಾಷೆಯಲ್ಲಿರಬೇಕು ಎಂಬ ಅರ್ಧ ಸಾಲು. ಆ ಕನ್ನಡವನ್ನು ಯಾರು ಬರೆಯಬೇಕು, ಯಾರು ನೋಡಬೇಕು, ತಪ್ಪಿದರೆ ಬಿಲ್ಲಿನಲ್ಲಿ ಎಷ್ಟು ಮುರಿಯಬೇಕು, ಊಹೂಂ.

ಇದರ ರುಚಿ ನನಗೂ ಗೊತ್ತು. ಒಂದು ಕಚೇರಿಯ ಕನ್ನಡ ನಮೂನೆಗಳ ಅಚ್ಚಿನ ಕೆಲಸಕ್ಕೆ ಟೆಂಡರ್ ಕರೆದಿದ್ದರು. ಯಾವ ಕಚೇರಿ ಎಂದು ಬೇಡ. ದಾಖಲೆ ಪೂರ್ತಿ ಇಂಗ್ಲಿಷ್. ವಹಿವಾಟಿನ ಷರತ್ತು ನೋಡಿದರೆ ನಮ್ಮ ಊರಿನ ಪ್ರೆಸ್ಸುಗಳನ್ನೆಲ್ಲ ಕೂಡಿಸಿದರೂ ಮುಟ್ಟುವುದಿಲ್ಲ. ಕೆಲಸ ಹೊರರಾಜ್ಯದವರಿಗೆ ಹೋಯಿತು. ಬಂದ ನಮೂನೆ ನೋಡಬೇಕಿತ್ತು ನೀವು! ಯೂನಿಕೋಡಿನಲ್ಲಿದ್ದ ಕನ್ನಡವನ್ನು ಅದನ್ನು ಅರಿಯದ ಹಳೆಯ ಪೇಜ್‌ಮೇಕರಿಗೆ ಸುರಿದಿದ್ದಾರೆ. ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿದೆ, ಅರ್ಕಾವೊತ್ತು ಅಂತರದಲ್ಲಿ ತೂಗುತ್ತಿದೆ. ಕನ್ನಡ ಬಲ್ಲ ಹತ್ತು ವರ್ಷದ ಹುಡುಗನಿಗೂ ಕಾಣುವ ತಪ್ಪು. ನೋಡುವವರೇ ಇರಲಿಲ್ಲ. ಕೊನೆಗೆ ಗುಮಾಸ್ತರು ನನ್ನ ಬಳಿಯೇ ಬಂದರು. "ಸಾವಕಾರ್ರ, ಇದನ್ನಟ ತಿದ್ದಿ ಎರಡ ಸಾವಿರ ಪ್ರತಿ ಹಾಕಿ ಕೊಡ್ರಿ." ಹಾಕಿಕೊಟ್ಟೆ. ಒಂದು ಕೆಲಸಕ್ಕೆ ಎರಡು ಸಲ ಹಣ, ನಿಮ್ಮ ತೆರಿಗೆಯದು.

ಹಾಗಾದರೆ ಏನು ಬೇಕು?

ಸರ್ಕಾರದ ಪ್ರತಿ ಸಾಫ್ಟ್‌ವೇರ್ ಗುತ್ತಿಗೆಯಲ್ಲಿ ಹೆಸರು ಊರು ಮೊದಲು ಕನ್ನಡದಲ್ಲಿ ತುಂಬುವಂತಿರಬೇಕು, ಇಂಗ್ಲಿಷ್ ಅದರಿಂದ ಹುಟ್ಟಬೇಕು. ಪರದೆ ತಯಾರಾದ ಮೇಲೆ ವಿಕಾಸಸೌಧದ ಎಸಿ ಕೋಣೆಯಲ್ಲಿ ಅಧಿಕಾರಿಗಳಿಗೆ ತೋರಿಸಿ ಚಪ್ಪಾಳೆ ತಟ್ಟಿಸಿಕೊಂಡರೆ ಸಾಲದು. ಬೀಳಗಿಯಂಥ ತಾಲ್ಲೂಕಿಗೆ ತಂದು, ಅಲ್ಲಿನ ಗ್ರಾಮ ಆಡಳಿತಾಧಿಕಾರಿಯ ಎದುರು, ಅಲ್ಲಿನ ಹೆಸರುಗಳನ್ನು ಹಾಕಿ ನಡೆಸಿ ತೋರಿಸಬೇಕು. ಅಲ್ಲಿ ಪಾಸಾದ ಮೇಲೆಯೇ ಕೊನೆಯ ಕಂತಿನ ಬಿಲ್ಲು. ಇದೊಂದು ಷರತ್ತು ಸಾಕು. ಕಂಪನಿಗಳು ತಾವಾಗಿಯೇ ಕನ್ನಡದ ಹುಡುಗರನ್ನು ಹುಡುಕಿಕೊಂಡು ಬರುತ್ತವೆ, ಮೀಸಲಾತಿ ಮಸೂದೆಗೆ ಕಾಯಬೇಕಿಲ್ಲ. ಹಣ ನಿಂತರೆ ಎಂಥವನಿಗೂ ಕನ್ನಡ ಬರುತ್ತದೆ.

ಇನ್ನೊಂದು, ಗುತ್ತಿಗೆಯ ಭಾಷೆಯ ಕೆಲಸವನ್ನು ಒಡೆದು ಬೇರೆ ಮಾಡಬೇಕು. ಪರದೆಯ ಮಾತು, ನಮೂನೆಯ ಶಬ್ದ, ಹೆಸರಿನ ಪರೀಕ್ಷೆ, ಸಹಾಯವಾಣಿ. ಇವಕ್ಕೆ ನೂರು ಕೋಟಿ ವಹಿವಾಟು ಯಾಕೆ? ಕನ್ನಡ ಪರೀಕ್ಷೆ ಪಾಸಾದ ಯಾರಿಗಾದರೂ ಕೊಡಲಿ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರು ಪುಣೆಯಿಂದ ಬಂದು ಮುಧೋಳದ ಬೇವಿನ ಮರದ ಕೆಳಗೆ ಕೂತು ವಿದೇಶಿ ಕಂಪನಿಗಳ ಕೆಲಸ ಮಾಡಿದ ಹುಡುಗರಿಗೆ ಕರ್ನಾಟಕ ಸರ್ಕಾರದ ಕೆಲಸ ಮಾಡಲು ಬರುವುದಿಲ್ಲವೇ? ದುಬೈ, ಟೊರಾಂಟೊದಲ್ಲಿ ಕೂತವರಿಗೂ ಕೊಡಲಿ. ರೈತರ ಉತಾರ ದುಬೈಗೆ ಹೋದರೆ ಗತಿಯೇನು ಎಂದು ಅಧಿಕಾರಿಗಳು ಹೆದರಿಸುತ್ತಾರೆ. ಉತಾರ ಯಾಕೆ ಹೋಗಬೇಕು ಸ್ವಾಮಿ? ಪರೀಕ್ಷೆಗೆ ಸುಳ್ಳು ಹೆಸರುಗಳ ಕಡತ ಸಾಕು. ನಿಜವಾದ ಕಾಗದ ತಾಲ್ಲೂಕು ಕಚೇರಿಯಲ್ಲೇ ಇರಲಿ.

ಹೊರದೇಶದಲ್ಲಿರುವ ಕನ್ನಡದ ತಮ್ಮಂದಿರೇ, ನಿಮಗೂ ಒಂದು ಮಾತು. ಪರರ ಸರ್ಕಾರಕ್ಕೆ ನಿಯತ್ತಿನಿಂದ ದುಡಿಯುತ್ತೀರಿ, ಅವರ ಷರತ್ತಿಗೆ ತಲೆಬಾಗಿ ಲ್ಯಾಪ್‌ಟಾಪನ್ನು ಕಪಾಟಿನಲ್ಲಿಟ್ಟು ಬರುತ್ತೀರಿ. ತಪ್ಪಲ್ಲ, ಅದು ಅನ್ನ. ಆದರೆ ರಾಜ್ಯೋತ್ಸವಕ್ಕೆ ಶಾಲು ಹೊದ್ದು ಫೋಟೊ ಹಾಕಿದರೆ ಋಣ ತೀರುವುದಿಲ್ಲ. ಅಲ್ಲಿನ ಸರ್ಕಾರಗಳು ಗುತ್ತಿಗೆದಾರನನ್ನು ಹೇಗೆ ಕಟ್ಟಿಹಾಕುತ್ತವೆ, ಯಾವ ಷರತ್ತು ಎಲ್ಲಿ ಬರೆಯುತ್ತವೆ, ತಪ್ಪಿದರೆ ಹೇಗೆ ಮುರಿದುಕೊಳ್ಳುತ್ತವೆ ಎಂಬುದನ್ನು ದಿನವೂ ಕಣ್ಣಾರೆ ನೋಡುವವರು ನೀವು. ಯಾರ ಗುಟ್ಟೂ ಬೇಡ, ಬಹಿರಂಗವಾಗಿ ಪ್ರಕಟವಾದ ಆ ಕರಾರುಗಳ ಷರತ್ತುಗಳನ್ನೇ ಕನ್ನಡಕ್ಕೆ ಇಳಿಸಿ ಕಳಿಸಿ.

ಇಲ್ಲಿರುವ ನಿಮಗೆ ಕೆಲಸ ಇನ್ನೂ ಸುಲಭ. 1999ರ ಪಾರದರ್ಶಕತೆ ಅಧಿನಿಯಮದಡಿ ಕರೆಯುವ ಟೆಂಡರುಗಳು ಕೆಪಿಪಿಪಿ ಪೋರ್ಟಲಿನಲ್ಲಿ ಎಲ್ಲರಿಗೂ ಕಾಣುತ್ತವೆ. ಒಬ್ಬೊಬ್ಬರು ಒಂದೊಂದು ಇಲಾಖೆ ಹಿಡಿಯಿರಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕನ್ನಡದಲ್ಲೇ ಬರೆಯಿರಿ. ಒಂದೇ ವಿಷಯ, 150 ಪದ ಮೀರಬಾರದು, ಮೀರಿದರೆ ಅದೇ ನೆಪ ಹೇಳಿ ತಿರಸ್ಕರಿಸುತ್ತಾರೆ. ನಿಮ್ಮ ತಂತ್ರಾಂಶದ ಗುತ್ತಿಗೆ ಕರಾರಿನ ಪ್ರತಿ ಕೊಡಿ, ಅದರಲ್ಲಿ ಕನ್ನಡದ ಬಗ್ಗೆ ಇರುವ ಷರತ್ತು ಯಾವುದು, ಆ ಕನ್ನಡವನ್ನು ಪರಿಶೀಲಿಸಿ ರುಜು ಹಾಕಿದ ಅಧಿಕಾರಿಯ ಹುದ್ದೆ ಯಾವುದು, ಸಹಾಯವಾಣಿ ನಡೆಯುವ ಊರು ಯಾವುದು ಎಂದು ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಹಾಕಿ. ಬಂದ ಉತ್ತರದ ಜೆರಾಕ್ಸ್ ಪ್ರತಿಯನ್ನು ಈ ಪತ್ರಿಕೆಗೆ ಕಳಿಸಿ, ಇಲಾಖೆಯ ಹೆಸರು ಸಮೇತ ಇದೇ ಪುಟದಲ್ಲಿ ಅಚ್ಚಾಗಲಿ.